ಬಳಲಿದ ಪಚ್ಚೆ

ನನ್ನ ಉಂಗುರದ ನೀಲಿ ಕಲ್ಲು ಹಾರಿಹೋಗಿ ಅಧ್ಯಕ್ಷೆಯಮ್ಮನವರ ಟೀ ಕಪ್ಪಿಗೆ ಬಿದ್ದದ್ದು ನನ್ನ ಭಾಷಣದ ನಾಲ್ಕನೇ ನಿಮಿಷದಲ್ಲಿ. ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂದರೆ, ಸಭಿಕರು ಮೊದಲ ಸಲ ನಕ್ಕದ್ದು ಆಗಲೇ. ನಮ್ಮ ಊರಿನ ಮಹಿಳಾ ಮಂಡಳಿಯವರು ‘ನಗು ಮತ್ತು ಆರೋಗ್ಯ’ ಎಂಬ ವಿಷಯದ ಮೇಲೆ ಮಾತಾಡಲು ನನ್ನನ್ನು ಕರೆದಿದ್ದರು. ಪತ್ರಿಕೆಯಲ್ಲಿ ವಾರಕ್ಕೊಂದು ಹಾಸ್ಯ ಬರೆಯುವವನು ಎದುರಿಗೆ ನಿಂತೂ ನಗಿಸುತ್ತಾನೆ ಎಂದು ಯಾರೋ ಅವರಿಗೆ ತಪ್ಪು ತಿಳುವಳಿಕೆ ಕೊಟ್ಟಿರಬೇಕು. ಮೊದಲ ಮೂರು ನಿಮಿಷದಲ್ಲಿ ಮುಂದಿನ ಸಾಲಿನ ಒಬ್ಬರು ಆಕಳಿಸಿದ್ದು ಬಿಟ್ಟರೆ ಸಭೆಯಲ್ಲಿ ಬೇರೆ ಚಲನೆ ಇರಲಿಲ್ಲ. ಆ ಹತಾಶೆಯಲ್ಲಿ ನಾನು ಕೈಯನ್ನು ಸ್ವಲ್ಪ ಜೋರಾಗಿಯೇ ಬೀಸಿದೆ. ಉಂಗುರ ಬೆರಳಲ್ಲಿ ಉಳಿಯಿತು. ಕಲ್ಲು ಉಳಿಯಲಿಲ್ಲ.

ಅಧ್ಯಕ್ಷೆಯಮ್ಮ ಗಾಬರಿಯಾಗುವವರ ಪೈಕಿಯಲ್ಲ. ಚಮಚ ಇಳಿಸಿ, ಕಪ್ಪಿನ ತಳದಿಂದ ಕಲ್ಲನ್ನು ಎತ್ತಿ, ನೊಣ ಬಿದ್ದ ಹಾಲನ್ನು ನೋಡುವಂತೆ ನೋಡಿದರು. ಹಾಗೆ ನೋಡುವಾಗ ಅವರ ಬಲಗೈಯ ಉಂಗುರದಲ್ಲಿದ್ದ ಪಚ್ಚೆ ಸಭಾಂಗಣದ ದೀಪಗಳಿಗೆಲ್ಲ ಉತ್ತರ ಕೊಡುತ್ತಿತ್ತು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಪಚ್ಚೆ. ಊರಲ್ಲಿ ಅವರ ಮುಖ ಗುರುತು ಹಿಡಿಯದವರೂ ಆ ಉಂಗುರವನ್ನು ಗುರುತು ಹಿಡಿಯುತ್ತಿದ್ದರು.

“ನಿಮ್ಮದಾ?” ಎಂದರು.

ಹೌದು ಅಂದೆ. ಅಲ್ಲ ಅನ್ನಬಹುದಿತ್ತು, ಆದರೆ ಖಾಲಿ ಉಂಗುರ ತೊಟ್ಟ ಕೈ ಇನ್ನೂ ಗಾಳಿಯಲ್ಲೇ ಇತ್ತು.

ಆ ಕಲ್ಲಿನ ಕಥೆಯನ್ನೂ ಹೇಳಿಬಿಡುತ್ತೇನೆ. ನನ್ನ ಪುಸ್ತಕವೊಂದರ ಮೊದಲ ಮುದ್ರಣದ ಬಹುಪಾಲು ನಮ್ಮ ಮಂಚದ ಕೆಳಗೇ ಇದೆ. ಅದನ್ನು ನೋಡಿ ಮರುಗಿದ ನನ್ನ ಭಾಮೈದ, ಇಂಥ ಬೆರಳಿಗೆ ನೀಲಿ ಕಲ್ಲು ಹಾಕಿಕೊಂಡರೆ ಬರಹಗಾರರಿಗೆ ಎರಡನೇ ಮುದ್ರಣ ಖಂಡಿತ ಎಂದ. ಅವನ ಪರಿಚಯದವನೊಬ್ಬ ಕಲ್ಲನ್ನೂ ಕೊಟ್ಟ, ಅದು ಅಸಲಿ ಎಂಬ ಪ್ರಮಾಣಪತ್ರವನ್ನೂ ಕೊಟ್ಟ. ಪತ್ರದ ಮೇಲೆ ಮೂರು ಮೊಹರು ಇದ್ದವು. ಮೂರು ವರ್ಷವಾಯಿತು. ಮಂಚದ ಕೆಳಗೆ ಗುಡಿಸಲು ಆಗುವುದಿಲ್ಲ ಎಂದು ನನ್ನ ಹೆಂಡತಿ ಈಗಲೂ ಗೊಣಗುತ್ತಾಳೆ.

ಸಭೆ ಮುಗಿದ ಮೇಲೆ ಅಧ್ಯಕ್ಷೆಯಮ್ಮ ಕಲ್ಲನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟರು. “ನಾವು ಒಡವೆ ಕೊಳ್ಳೋ ಅಂಗಡಿ ಮಹಡಿ ಮೇಲೆ ಒಬ್ಬ ಇದಾನೆ. ಎಂಥದನ್ನ ಕೊಟ್ರೂ ಕೂರಿಸ್ತಾನೆ,” ಎಂದರು. ‘ಎಂಥದನ್ನ’ ಎಂಬ ಮಾತನ್ನು ಹೇಳುವಾಗ ನನ್ನ ಕಲ್ಲನ್ನು ನೋಡಿದರೋ ನನ್ನನ್ನು ನೋಡಿದರೋ, ಈಗಲೂ ತೀರ್ಮಾನವಾಗಿಲ್ಲ.

ಹೀಗೆ ನಾನು ಉಸಿರಣ್ಣನವರ ಕೋಣೆಯ ಮೆಟ್ಟಿಲು ಹತ್ತಿದೆ.

ಮೆಟ್ಟಿಲು ಕಡಿದಾಗಿತ್ತು, ಅಂಗಡಿಯ ಹಿಂಬದಿಯಲ್ಲಿತ್ತು. ಮುಂಬದಿಯಲ್ಲಿ ಗಾಜು, ಕನ್ನಡಿ, ತಂಪು ಗಾಳಿ. ಹಿಂಬದಿಯಲ್ಲಿ ಸುಣ್ಣ ಉದುರಿದ ಗೋಡೆ, ಒಂದು ಒದ್ದೆ ಪೊರಕೆ. ಮೇಲೆ ಹೋಗಿ ಬಾಗಿಲು ತಳ್ಳಿ ಒಂದು ಕಾಲು ಒಳಗಿಟ್ಟೆನೋ ಇಲ್ಲವೋ, “ಕಾಲು ಎತ್ತಬೇಡಿ” ಎಂಬ ಮಾತು ಕೇಳಿಸಿತು. ಏರು ದನಿಯೇನಲ್ಲ. ಆದರೆ ಬಸ್ಸಿನ ಡ್ರೈವರು ಬ್ರೇಕ್ ಹಾಕಿದ ಹಾಗಿತ್ತು. ನಾನು ಒಂದು ಕಾಲು ಒಳಗೆ, ಒಂದು ಕಾಲು ಹೊಸ್ತಿಲ ಮೇಲೆ ನಿಂತೆ.

ಕಲ್ಲೊಂದು ಬಿದ್ದಿತ್ತು. ಆ ಕೆಲಸದವರ ಕಟ್ಟಳೆ ಇದು: ಕಲ್ಲು ಬಿದ್ದರೆ ಕೋಣೆಯಲ್ಲಿ ಯಾರೂ ಹೆಜ್ಜೆ ಎತ್ತಬಾರದು, ಕುರ್ಚಿ ಸರಿಸಬಾರದು, ಸೀನಬಾರದು. ಬೀಳಿಸಿದವನೇ ಕೂತಲ್ಲಿಂದ ಇಳಿದು, ಅಂಗೈಯನ್ನು ನೆಲದ ಮೇಲೆ ಸವರುತ್ತ ಹುಡುಕಬೇಕು. ಅರವತ್ತರ ಆಸುಪಾಸಿನ ಒಬ್ಬರು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮೊಣಕಾಲ ಮೇಲೆ ನನ್ನ ಕಡೆಗೆ ಬರುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಅವರ ಹೆಂಡತಿ, ಮುತ್ತು ಪೋಣಿಸುತ್ತಿದ್ದವರು, ಸೂಜಿಯನ್ನು ಗಾಳಿಯಲ್ಲೇ ಹಿಡಿದು ಕೂತಿದ್ದರು. ಬಾಯಿ ಮಾತ್ರ ನಿಂತಿರಲಿಲ್ಲ. ಕಟ್ಟಳೆಯಲ್ಲಿ ಬಾಯಿಯ ವಿಷಯ ಇಲ್ಲವಂತೆ. ನಾನು ಯಾರು, ಯಾರ ಕಡೆಯವನು, ಮಕ್ಕಳೆಷ್ಟು, ಎಲ್ಲವನ್ನೂ ಆ ಆರೇಳು ನಿಮಿಷದಲ್ಲಿ ಕೇಳಿ ತಿಳಿದುಕೊಂಡರು. ಕಲ್ಲು ಕೊನೆಗೂ ನನ್ನ ಪ್ಯಾಂಟಿನ ಮಡಿಕೆಯಲ್ಲಿ ಸಿಕ್ಕಿತು. ಒಂದೇ ದಿನದಲ್ಲಿ ಒಂದು ಕಲ್ಲನ್ನು ಕಳೆದುಕೊಳ್ಳಲು ಹೋಗಿ, ಇನ್ನೊಂದನ್ನು ಕದಿಯಲು ಬಂದಂತಾಯಿತು.

“ನಿಮ್ಮ ತಪ್ಪಲ್ಲ. ಅದೇ ಬಂದು ಕೂತ್ಕೊಂಡಿದೆ,” ಎಂದರು ಅವರು. ಅವರಾಗಿ ಆಡಿದ ಅತಿ ಉದ್ದದ ಮಾತುಗಳಲ್ಲಿ ಅದೂ ಒಂದು ಎಂದು ಆಮೇಲೆ ಗೊತ್ತಾಯಿತು.

ಅವರ ಮೇಜು ನಮ್ಮ ಮನೆಯ ಚಾಪೆಗಿಂತ ದೊಡ್ಡದಲ್ಲ. ಅದರ ಅಂಚಿಗೆ ಒಂದು ಚರ್ಮದ ಜೋಳಿಗೆ. ಅದರ ಇನ್ನೊಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡೇ ಅವರು ಕೂರುವುದು, ಕೈಜಾರಿದ್ದು ಅದರಲ್ಲೇ ಬೀಳಲಿ ಎಂದು. ಎದುರಿಗೊಂದು ಸ್ಪಿರಿಟ್ ದೀಪ. ಒಡವೆ ಅಲುಗಾಡದಂತೆ ಹಿಡಿಯಲು ತುದಿಗೆ ಅರಗು ಮೆತ್ತಿದ ಮರದ ಕೋಲು. ಕಲ್ಲನ್ನು ಎತ್ತಲು ಮೊನೆಗೆ ಮೇಣ ಹಚ್ಚಿದ ಕಡ್ಡಿ. ಉಂಗುರದ ಕೊಕ್ಕೆಗಳನ್ನು ಒಂದೊಂದಾಗಿ ಕಲ್ಲಿನ ಮೇಲೆ ಬಾಗಿಸುವಾಗ ಅವರು ಉಸಿರು ಬಿಗಿ ಹಿಡಿಯುತ್ತಿದ್ದರು. ನೋಡುತ್ತ ಕೂತ ನಾನೂ ಹಿಡಿಯುತ್ತಿದ್ದೆ. ನನಗೆ ಮಾತ್ರ ಕೆಮ್ಮು ಬರುತ್ತಿತ್ತು.

ಆದರೆ ಬೀದಿಯವರು ಅವರಿಗೆ ಉಸಿರಣ್ಣ ಎಂದು ಹೆಸರಿಟ್ಟದ್ದು ಉಸಿರು ಬಿಡುವುದಕ್ಕೆ. ಯಾರು ಯಾವ ಕಲ್ಲು ಕೊಟ್ಟರೂ ಅವರು ಮೊದಲು ಅದನ್ನು ಬಾಯಿಯ ಹತ್ತಿರ ತಂದು “ಹಾ” ಎಂದು ಬಿಸಿ ಉಸಿರು ಬಿಡುವರು. ಕಲ್ಲಿನ ಮೇಲೆ ಮಂಜು ಕೂರುತ್ತದೆ. ಅಸಲಿ ಕಲ್ಲಾದರೆ ಆ ಮಂಜು ಕಣ್ಣು ಮಿಟುಕಿಸುವುದರೊಳಗೆ ಹೊರಟುಹೋಗುತ್ತದೆ. ಗಾಜಾದರೆ ಬೀಗರ ಮನೆಗೆ ಬಂದವರಂತೆ ಕೂತೇ ಇರುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಅವರ ಹೆಂಡತಿ, ಅದೂ ಎಷ್ಟೋ ದಿನದ ನಂತರ. ಮೊದಲ ದಿನ ನನ್ನ ನೀಲಿ ಕಲ್ಲಿನ ಮೇಲೆ ಮಂಜು ನಿಧಾನವಾಗಿ ಕರಗುವುದನ್ನು ಕಂಡು, ಒಳ್ಳೆಯ ಕಲ್ಲು, ತಂಪು ಜಾಸ್ತಿ ಎಂದು ನಾನು ಖುಷಿಪಟ್ಟೆ.

ಅವರು ನೋಡಿದರು. “ಕೂರಿಸ್ತೀನಿ” ಅಂದರು.

ಅವರು ಯಾವ ಕಲ್ಲಿಗಾದರೂ ಹೇಳುತ್ತಿದ್ದ ಮಾತು ಅದೊಂದೇ. ಲಕ್ಷ ಬಾಳುವ ಕೆಂಪು ಕಲ್ಲಿಗೂ ‘ಕೂರಿಸ್ತೀನಿ’, ಸೋಡಾ ಬಾಟಲಿಯ ಚೂರಿಗೂ ‘ಕೂರಿಸ್ತೀನಿ’. ದನಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಹುಬ್ಬು ಏರುವುದಿಲ್ಲ, ತುಟಿ ಇಳಿಯುವುದಿಲ್ಲ. ಜನ ಅವರ ಮುಖವನ್ನು ಪರೀಕ್ಷೆಯ ಫಲಿತಾಂಶದ ಪಟ್ಟಿಯಂತೆ ಓದಲು ನೋಡುತ್ತಿದ್ದರು, ಅಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಅವರಪ್ಪ ಕಲಿಸಿದ್ದು ಹಾಗಂತೆ. ಕಲ್ಲು ತಂದವರು ಅದು ಏನೆಂದು ನಂಬಿರುತ್ತಾರೋ ಅದನ್ನು ಮುಟ್ಟಬೇಡ, ಕಲ್ಲನ್ನು ಮಾತ್ರ ಮುಟ್ಟು ಅಂದಿದ್ದರಂತೆ. ಹೀಗಾಗಿ ಊರಿನ ಅರ್ಧ ಬೆರಳುಗಳ ಗುಟ್ಟು ಆ ಮನುಷ್ಯನ ಹೊಟ್ಟೆಯಲ್ಲಿತ್ತು. ಯಾರ ಮದುವೆಯ ಉಂಗುರ ಗಾಜು, ಯಾರ ಸೊಸೆ ತವರಿನ ಕೆಂಪು ಅಂದದ್ದು ಬರೀ ಬಣ್ಣದ ತಗಡು, ಎಲ್ಲ ಗೊತ್ತು. ಅದೇ ಕಾರಣಕ್ಕೆ ಜನ ಅವರ ಕೈಗೆ ಒಡವೆ ಕೊಟ್ಟು ಚೀಟಿ ಕೂಡ ಕೇಳದೆ ಇಳಿದುಹೋಗುತ್ತಿದ್ದರು. ನಾನಾಗಿದ್ದರೆ ಎರಡನೇ ವಾರಕ್ಕೇ ಅದನ್ನೆಲ್ಲ ಪತ್ರಿಕೆಗೆ ಬರೆದು, ಮೂರನೇ ವಾರಕ್ಕೆ ಊರು ಬಿಡುತ್ತಿದ್ದೆ.

ಇಂಥವರ ಜೊತೆ ಬಾಳುವುದು ಮಾತುಗಾರ್ತಿಗೆ ಕಷ್ಟವೇ. “ನಮ್ಮನೆಯವರ ಬಾಯಿಗೂ ಅವರಪ್ಪ ಅರಗು ಮೆತ್ತಿ ಹೋಗಿದಾರೆ ಅಣ್ಣಾ, ಬಿಸಿ ಮಾಡಿದ್ರೆ ಮಾತ್ರ ಬಿಡುತ್ತೆ,” ಎನ್ನುತ್ತಿದ್ದರು ಆಕೆ. ಬಿಸಿ ಮಾಡುವ ಪ್ರಯತ್ನವನ್ನು ಮೂವತ್ತೈದು ವರ್ಷದಿಂದ ಬಿಟ್ಟಿರಲಿಲ್ಲ. ಕಲ್ಲು ಕೂರಿಸಿಯಾದ ಮೇಲೂ ನಾನು ಅಲ್ಲಿಗೆ ಹೋಗಿ ಕೂರುವುದು ರೂಢಿಯಾಯಿತು. ಅವರಿಬ್ಬರಲ್ಲಿ ಒಬ್ಬರು ಏನೂ ಹೇಳುತ್ತಿರಲಿಲ್ಲ, ಇನ್ನೊಬ್ಬರು ಎಲ್ಲ ಹೇಳುತ್ತಿದ್ದರು. ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ?

ಅಧ್ಯಕ್ಷೆಯಮ್ಮನ ಪಚ್ಚೆಯ ಗುಟ್ಟೂ ನನಗೆ ಗೊತ್ತಾದದ್ದು ಹಾಗೆ. ಪಚ್ಚೆಯೇನೋ ಅಸಲಿಯೇ. ಆದರೆ ಒಳಗೆಲ್ಲ ಬಿರುಕು. ಪಚ್ಚೆಗಳ ಜಾತಿಯೇ ಹಾಗಂತೆ, ಬಿರುಕಿಲ್ಲದ್ದು ಸಿಗುವುದೇ ಅಪರೂಪ. ಅದಕ್ಕೆ ಕಲ್ಲನ್ನು ಬಣ್ಣವಿಲ್ಲದ ಒಂದು ಮರದ ಎಣ್ಣೆಯಲ್ಲಿ ನೆನೆಹಾಕುತ್ತಾರೆ. ಎಣ್ಣೆ ಬಿರುಕಿನೊಳಗೆ ಇಳಿದು ಕೂತರೆ ಗೆರೆ ಕಣ್ಣಿಗೆ ಬೀಳುವುದಿಲ್ಲ. ಕಾಲ ಕಳೆದ ಹಾಗೆ ಎಣ್ಣೆ ಆರುತ್ತದೆ, ಮತ್ತೆ ನೆನೆಹಾಕಬೇಕು. ಅಂಗಡಿಯ ಈಗಿನ ಧಣಿಯ ಅಪ್ಪ ಆ ಪಚ್ಚೆಯನ್ನು ಅಧ್ಯಕ್ಷೆಯಮ್ಮನ ಅತ್ತೆಗೆ ಮಾರುವಾಗ ‘ಹುಡುಕಿದರೂ ಒಂದು ಗೆರೆ ಇಲ್ಲ’ ಎಂದು ಹೇಳಿ ಮಾರಿದ್ದರು. ಅಂದಿನಿಂದ ಉಸಿರಣ್ಣನವರ ಅಪ್ಪ, ಅವರಾದ ಮೇಲೆ ಇವರು, ವರ್ಷಕ್ಕೊಮ್ಮೆ ಉಂಗುರ ತೊಳೆಯಲು ಬಂದಾಗ ಐದು ದಿನ ಇಟ್ಟುಕೊಂಡು ಸದ್ದಿಲ್ಲದೆ ಎಣ್ಣೆ ಕುಡಿಸಿ ಕಳಿಸುತ್ತಿದ್ದರು. ಅಧ್ಯಕ್ಷೆಯಮ್ಮ ಪ್ರತಿ ಭಾಷಣದಲ್ಲೂ ಬಲಗೈ ಎತ್ತಿ, “ಬದುಕು ಈ ಪಚ್ಚೆ ಥರ ಒಂದು ಗೆರೆ ಇಲ್ಲದೆ ಇರಬೇಕು” ಎನ್ನುತ್ತಿದ್ದರು. ಜೊತೆಗೆ, ಒಂದು ಉಂಗುರ ತೊಳೆಯೋಕೆ ಐದು ದಿನ ಬೇಕಾ ಎಂದು ಪ್ರತಿ ವರ್ಷ ಜಗಳವನ್ನೂ ಆಡುತ್ತಿದ್ದರು.

ಈ ಜಗಳಕ್ಕೆ ಪರಿಹಾರ ತಂದವನು ಧಣಿಯ ಅಳಿಯ.

ಅಳಿಯ ಎರಡು ಯಂತ್ರಗಳನ್ನು ತಂದಿದ್ದ. ಒಂದು, ಕಲ್ಲಿಗೆ ಮುಟ್ಟಿಸಿದರೆ ಕೀ ಎಂದು ಕೂಗುವ ಪೆನ್ನು. ಇನ್ನೊಂದು, ಗುಂಯ್ ಎಂದು ನಡುಗುವ ಪುಟ್ಟ ಸ್ಟೀಲ್ ತೊಟ್ಟಿ. ಬಿಸಿ ಸೋಪಿನ ನೀರಲ್ಲಿ ಒಡವೆ ಹಾಕಿದರೆ ಐದು ನಿಮಿಷಕ್ಕೆ ಕೊಳೆಯೆಲ್ಲ ಬಿಡುತ್ತದೆ. ಮಾವನಿಗೆ ಅಳಿಯನ ಮೇಲೆ ಅಭಿಮಾನ, ಅಳಿಯನಿಗೆ ಯಂತ್ರದ ಮೇಲೆ. ಯಂತ್ರಕ್ಕೆ ಯಾರ ಮೇಲೂ ಇಲ್ಲ.

ಆ ವರ್ಷ ಅಧ್ಯಕ್ಷೆಯಮ್ಮ ಬೆಳಿಗ್ಗೆ ಉಂಗುರ ತಂದುಕೊಟ್ಟರು, ಸಂಜೆಗೆ ಸಮಾರಂಭ. ಒಂದು ಕೊಕ್ಕೆ ಸಡಿಲವಾಗಿತ್ತು, ಮೇಲೆ ಕಳಿಸಿದರು. ಉಸಿರಣ್ಣ ಅರ್ಧ ಗಂಟೆ ಇಟ್ಟುಕೊಂಡು ಬಿಗಿ ಮಾಡಿ, ಐದು ದಿನ ನನ್ನ ಹತ್ತಿರ ಇರಲಿ ಅಂದರು. ಅಳಿಯ ನಕ್ಕು ಉಂಗುರ ಇಸಕೊಂಡು ಕೆಳಗೆ ಇಳಿದ. ಅಧ್ಯಕ್ಷೆಯಮ್ಮನ ಎದುರಿಗೇ ತೊಟ್ಟಿಗೆ ಹಾಕಿದ. ಐದು ನಿಮಿಷ ಗುಂಯ್ ಅಂದಿತು. ನಲವತ್ತು ವರ್ಷದಿಂದ ತಲೆಮಾರಿನ ಮೇಲೆ ತಲೆಮಾರು ಕುಡಿಸಿದ್ದ ಎಣ್ಣೆಯೆಲ್ಲ ಸೋಪಿನ ಜೊತೆ ಹೊರಟುಹೋಯಿತು. ಹೊರಗೆ ಬಂದ ಪಚ್ಚೆ, ಕಲ್ಲು ಬಿದ್ದು ಸೀಳಿದ ಬಸ್ಸಿನ ಗಾಜಿನ ಹಾಗೆ ಕಾಣುತ್ತಿತ್ತು.

ಅಧ್ಯಕ್ಷೆಯಮ್ಮ ಕಿರುಚಲಿಲ್ಲ. ಕುರ್ಚಿ ತರಿಸಿಕೊಂಡು ಕೂತು, ಇದು ನನ್ನ ಕಲ್ಲಲ್ಲ, ನನ್ನ ಕಲ್ಲು ಬರೋವರೆಗೆ ನಾನು ಏಳಲ್ಲ ಅಂದರು.

ಧಣಿಯ ಮುಂದೆ ಮೂರು ದಾರಿ ಇದ್ದವು. ಅಳಿಯನ ಯಂತ್ರ ಕಲ್ಲನ್ನು ಕೆಡಿಸಿತು ಅನ್ನಬಹುದು. ಆದರೆ ಮಗಳು ಮನೆಯಲ್ಲಿದ್ದಾಳೆ. ಕಲ್ಲು ಮೊದಲಿಂದಲೂ ಹೀಗೇ ಇತ್ತು ಅನ್ನಬಹುದು. ಆದರೆ ಗೋಡೆಯ ಮೇಲೆ ಅಪ್ಪನ ಫೋಟೋ ಇದೆ, ಅದರ ಕೆಳಗೆ ‘ನಂಬಿಕೆಯೇ ನಮ್ಮ ಒಡವೆ’ ಎಂದು ಬರೆಸಿದ್ದಾರೆ. ಉಳಿದದ್ದು ಮಹಡಿಯ ಮೇಲಿನವರು. ಅವರಿಗೆ ಧಣಿಯ ಮನೆಯಲ್ಲಿ ಮಗಳೂ ಇರಲಿಲ್ಲ, ಅಂಗಡಿಯ ಗೋಡೆಯ ಮೇಲೆ ಫೋಟೋ ಕೂಡ ಇರಲಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಉಂಗುರ ಮೇಲಿತ್ತಲ್ಲ ಎಂದು ಮೊದಲು ನೆನಪಿಸಿದ್ದು ಅಳಿಯ. ಕಲ್ಲು ಬದಲಾಗಿದೆ, ನಾಳೆ ಎಲ್ಲರ ಎದುರಿಗೆ ಉತ್ತರ ಹೇಳದೆ ಹೋದರೆ ಕೋಣೆ ಖಾಲಿ ಮಾಡಿ ಎಂದು ಧಣಿ ಹೇಳಿಕಳಿಸಿದರು.

ಕೋಣೆಯಾದರೆ ಇನ್ನೊಂದು ಸಿಗುತ್ತಿತ್ತು. ಆದರೆ ಕಲ್ಲು ಬದಲಾಯಿಸುವವನು ಎಂಬ ಮಾತು ಒಮ್ಮೆ ಬೀದಿಗೆ ಬಿದ್ದರೆ, ಆ ಮನುಷ್ಯನ ಕೈಗೆ ಯಾರೂ ಒಂದು ಮೂಗುಬೊಟ್ಟನ್ನೂ ಕೊಡುವುದಿಲ್ಲ. ಕಲ್ಲು ಕೂರಿಸುವವನಿಗೆ ಕಲ್ಲು ಕೊಡುವವರೇ ಇಲ್ಲದಿದ್ದರೆ ಉಳಿಯುವುದು ಒಂದು ಭೂತಗನ್ನಡಿ, ಒಂದು ಚಿಮಟ.

ಆ ಸಂಜೆ ನಾನು ಹೋದಾಗ ಉಸಿರಣ್ಣನವರ ಹೆಂಡತಿ ಗಂಡನನ್ನು ಬಿಸಿ ಮಾಡುವುದನ್ನು ಬಿಟ್ಟು ಕುದಿಸಲು ಶುರುಮಾಡಿದ್ದರು.

“ಹೇಳಿಬಿಡಿ. ಎಣ್ಣೆ ಹಾಕ್ತಿದ್ದೆ, ನಮ್ಮಪ್ಪನೂ ಹಾಕ್ತಿದ್ದ, ಕಲ್ಲು ಹುಟ್ಟಿದ್ದೇ ಹಾಗೆ ಅಂತ. ಎರಡು ಮಾತು. ನಿಮ್ಮ ಬಾಯಿಂದ ಎರಡು ಮಾತು ಉದುರಿದ್ರೆ ಹುಡುಕೋಕೆ ನಾನಿದೀನಿ.”

ಉಸಿರಣ್ಣ ಆರಿದ ದೀಪದ ಬತ್ತಿಯನ್ನು ಕತ್ತರಿಸುತ್ತಿದ್ದರು. ಮೇಜಿನ ಮೇಲೆ ಕೆಲಸ ಏನೂ ಇರಲಿಲ್ಲ. ಮಧ್ಯಾಹ್ನವೇ ನಾಲ್ಕು ಮಂದಿ ಬಂದು ತಮ್ಮ ಒಡವೆಗಳನ್ನು, ಮುಗಿಯದೆ ಇದ್ದರೂ ಪರವಾಗಿಲ್ಲ ಅಂತ, ವಾಪಸ್ ತೆಗೆದುಕೊಂಡು ಹೋಗಿದ್ದರಂತೆ. ಒಬ್ಬರು ಇಳಿಯುವ ಮೊದಲು ಮೆಟ್ಟಿಲ ಮೇಲೇ ನಿಂತು ಕಲ್ಲು ಎಣಿಸಿಕೊಂಡರಂತೆ.

“ಹೇಳಿದ್ರೆ ಆ ತಾಯಿ ನಾಳೆಯಿಂದ ಆ ಕೈ ಎತ್ತಲ್ಲ,” ಎಂದರು ಉಸಿರಣ್ಣ. ಬತ್ತಿಯ ಚೂರನ್ನು ಪಕ್ಕಕ್ಕಿಟ್ಟು, “ಕದ್ದೋನು ಅನ್ನಿಸಿಕೊಂಡ್ರೆ ಜನ ಕಲ್ಲು ಕೊಡಲ್ಲ. ಹೇಳೋನು ಅನ್ನಿಸಿಕೊಂಡ್ರೂ ಕೊಡಲ್ಲ,” ಎಂದರು.

ಆಕೆ ಮುತ್ತಿನ ಸೂಜಿ ಎತ್ತಿಕೊಂಡರು. ಸೂಜಿಗೆ ದಾರ ಪೋಣಿಸಿದರು, ಬಿಚ್ಚಿದರು.

ನಾನು ಧೈರ್ಯ ಹೇಳಿದೆ. ಪತ್ರಿಕೆಯಲ್ಲಿ ಬರೆಯುತ್ತೇನೆ, ಇಡೀ ಊರಿಗೆ ಸತ್ಯ ತಿಳಿಸುತ್ತೇನೆ ಅಂದೆ. ಉಸಿರಣ್ಣ ನನ್ನನ್ನು, ಅರಗಿನಿಂದ ಕಳಚಿಕೊಳ್ಳಲಿರುವ ಒಡವೆಯನ್ನು ನೋಡುವ ಹಾಗೆ, ಎಚ್ಚರಿಕೆಯಿಂದ ನೋಡಿದರು.

ಮರುದಿನದ ಪಂಚಾಯಿತಿಗೆ ಒಬ್ಬ ಗಣ್ಯ ವ್ಯಕ್ತಿ ಇರಲಿ ಎಂದು ಧಣಿಯ ಆಸೆ. ಅಂದುಕೊಂಡವರು ಯಾರೂ ಬಿಡುವಾಗಿರಲಿಲ್ಲವಾದ್ದರಿಂದ ನನ್ನನ್ನು ಕರೆದರು. ಅಂಗಡಿಯ ಒಳಕೋಣೆಯ ಮೇಜಿನ ಒಂದು ಕಡೆ ಅಧ್ಯಕ್ಷೆಯಮ್ಮ, ಧಣಿ, ಅಳಿಯ. ಇನ್ನೊಂದು ಕಡೆ ಉಸಿರಣ್ಣ, ಅವರ ಪಕ್ಕ ಗಣ್ಯನಾದ ನಾನು. ಮಧ್ಯೆ ಬಿಳಿ ಬಟ್ಟೆಯ ಮೇಲೆ ಉಂಗುರ. ಉಸಿರಣ್ಣನವರ ಹೆಂಡತಿಯನ್ನು ಒಳಗೆ ಬಿಟ್ಟಿರಲಿಲ್ಲ. ಆದರೆ ಬಾಗಿಲ ಆಚೆಯಿಂದ ಅವರ ಬಳೆ ಸದ್ದು ಸಭೆಯ ಉದ್ದಕ್ಕೂ ತನ್ನ ಅಭಿಪ್ರಾಯ ಹೇಳುತ್ತಿತ್ತು.

ಅಳಿಯ ತನ್ನ ಪೆನ್ನನ್ನು ಪಚ್ಚೆಗೆ ಒತ್ತಿದ. ಪೆನ್ನು ಸುಮ್ಮನಿತ್ತು.

“ನೋಡಿ ಮಾವ, ಕೂಗ್ತಾ ಇಲ್ಲ. ಗಾಜು.”

ಆ ಪೆನ್ನಿನ ಜೊತೆ ಬಂದಿದ್ದ ಪುಸ್ತಕ ಇನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲೇ ಮೇಜಿನ ಮೇಲಿತ್ತು. ಬೇರೆಯವರು ಓದದ್ದನ್ನು ಓದುವುದು ನನ್ನ ಕಸುಬು. ಹೊದಿಕೆಯ ಮೂಲಕವೇ ಮುಖಪುಟ ಓದಿದೆ. ವಜ್ರಕ್ಕೆ ಮಾತ್ರ ಕೂಗುತ್ತದೆ, ಬೇರೆ ಯಾವ ಕಲ್ಲಿಗೂ ಕೂಗುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದನ್ನು ಹೇಳಿದೆ. ಅಳಿಯ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ, ಬರೆಯುವ ಪೆನ್ನಿನ ಹಾಗೆ.

ಈ ಸಣ್ಣ ಗೆಲುವು ನನ್ನ ತಲೆಗೇರಿತು. ಗಂಟಲು ಸರಿಮಾಡಿಕೊಂಡು, “ನಿಜ ಏನಪ್ಪಾ ಅಂದ್ರೆ,” ಎಂದು ಶುರುಮಾಡಿದೆ. ಆಗ ಮೇಜಿನ ಕೆಳಗೆ ನನ್ನ ಪಾದದ ಮೇಲೆ ಒಂದು ಭಾರ ಬಂದು ಕೂತಿತು. ನಲವತ್ತು ವರ್ಷ ಕಲ್ಲು ಬಿದ್ದಾಗಲೆಲ್ಲ ಕಾಲು ಎತ್ತದ ಮನುಷ್ಯ, ನನ್ನ ಬಾಯಿಂದ ಮಾತು ಬೀಳುತ್ತದೆ ಎಂದಾಗ ಕಾಲು ಎತ್ತಿ ನನ್ನ ಹೆಬ್ಬೆರಳ ಮೇಲಿಟ್ಟಿದ್ದರು. ನಾನು ಬಾಯಿ ಮುಚ್ಚಿದೆ. ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಧಣಿ ನನ್ನದು ಮೃದು ಹೃದಯ ಅಂದುಕೊಂಡರು.

“ನಮ್ಮತ್ತೆ ಕೈಯಲ್ಲಿ ನೋಡಿದೀನಿ, ನನ್ನ ಕೈಯಲ್ಲಿ ನೋಡಿದೀನಿ,” ಎಂದರು ಅಧ್ಯಕ್ಷೆಯಮ್ಮ. “ಒಂದು ಗೆರೆ ಇರಲಿಲ್ಲ. ಇದು ನನ್ನದಲ್ಲ. ನನ್ನದು ಎಲ್ಲಿ, ಹೇಳಪ್ಪಾ.”

ಉಸಿರಣ್ಣ ಉಂಗುರವನ್ನು ಮುಟ್ಟಲಿಲ್ಲ. ಮುಖ ಮಾತ್ರ ಹತ್ತಿರ ತಂದು “ಹಾ” ಎಂದು ಉಸಿರು ಬಿಟ್ಟರು. ಮಂಜು ಬಂದು, ಬಂದದ್ದು ಗೊತ್ತಾಗುವುದರೊಳಗೆ ಹೋಯಿತು.

“ಇದೇ ಅಮ್ಮಾ ನಿಮ್ಮದು. ಬಳಲಿದೆ.”

ಬಾಗಿಲಾಚೆಯ ಬಳೆಯ ಸದ್ದು ನಿಂತಿತು.

“ಕಲ್ಲು ಬಳಲುತ್ತಾ?” ಎಂದರು ಅಧ್ಯಕ್ಷೆಯಮ್ಮ.

“ಎಲ್ಲಾ ಕಲ್ಲೂ ಅಲ್ಲ.”

ಈ ಎರಡನೇ ಮಾತು ಅಧ್ಯಕ್ಷೆಯಮ್ಮನ ಮೇಲೆ ಮಾಡಿದ ಪರಿಣಾಮವನ್ನು ನಾನು ಹತ್ತಿರದಿಂದ ನೋಡಿದೆ. ಮೊದಲು ಹುಬ್ಬು ಇಳಿಯಿತು, ಆಮೇಲೆ ಭುಜ ಇಳಿಯಿತು, ಆಮೇಲೆ ಕತ್ತು ನಿಧಾನವಾಗಿ ಏರಿತು. ಎಲ್ಲಾ ಕಲ್ಲೂ ಬಳಲುವುದಿಲ್ಲ. ಹಾಗಾದರೆ ಬಳಲುವ ಕಲ್ಲು ಎಂಥದ್ದಿರಬೇಕು?

ಉಸಿರಣ್ಣ ಅಷ್ಟಕ್ಕೇ ನಿಲ್ಲಿಸಿದ್ದರೂ ಸಾಕಿತ್ತು. ಆದರೆ ಆ ದಿನ ಅವರ ಬಾಯಿಯ ಅರಗು ಪೂರ್ತಿ ಬಿಟ್ಟಿತ್ತು. ನಾಜೂಕಿನ ಕಲ್ಲು ಆ ತೊಟ್ಟಿಯ ಕುಣಿತ ತಡೆಯುವುದಿಲ್ಲ, ಪ್ರತಿ ವರ್ಷ ಐದು ದಿನ ಇಟ್ಟುಕೊಳ್ಳುತ್ತಿದ್ದದ್ದು ಅದನ್ನು ಮಲಗಿಸುವುದಕ್ಕೇ, ಈ ಸಲ ಮಲಗಲು ಬಿಡಲಿಲ್ಲ ಎಂದರು. ಒಂದಾದರೂ ಸುಳ್ಳು ಹುಡುಕೋಣ ಎಂದು ನಾನು ಆ ಮಾತುಗಳನ್ನು ಮನಸ್ಸಿನಲ್ಲೇ ಮೂರು ಸಲ ತಿರುವಿಹಾಕಿದೆ. ಒಂದೂ ಸಿಗಲಿಲ್ಲ.

ಮತ್ತೆ ನಿಮ್ಮ ಕೈಗೇ ಕೊಡಬೇಕಾ ಎಂದು ಧಣಿ ಕೆಣಕಿದರು.

“ಬೇಡ. ಕೆಳಗೇ ಇರಲಿ, ಗಾಜಿನ ಪೆಟ್ಟಿಗೇಲಿ, ಎಲ್ಲರಿಗೂ ಕಾಣೋ ಹಾಗೆ. ಅಮ್ಮನವರ ಬೀಗ, ಅಮ್ಮನವರ ಕೀಲಿ. ನಾನು ಮುಟ್ಟಲ್ಲ. ಐದು ದಿನಕ್ಕೆ ಇದೇ ಕಲ್ಲು ಎದ್ದು ಕೂರದಿದ್ರೆ, ನಾನು ಕೋಣೆ ಖಾಲಿ ಮಾಡ್ತೀನಿ. ಯಾಕೆ ಅಂತ ನೀವು ಬೀದಿಗೆ ಏನು ಬೇಕಾದ್ರೂ ಹೇಳಿ.”

ಕೆಮ್ಮಿನ ಔಷಧಿಯ ಸೀಸೆಯಷ್ಟಿದ್ದ ಒಂದು ಸೀಸೆ ಮೇಲಿಂದ ಬಂತು. ಅಧ್ಯಕ್ಷೆಯಮ್ಮ ತಮ್ಮ ಕೈಯಾರೆ ಉಂಗುರವನ್ನು ಅದರಲ್ಲಿ ಇಳಿಸಿದರು. ಇದೇನು ನೀರಾ ಎಂದು ಅವರು ಕೇಳಲಿಲ್ಲ. ಕೇಳಿದರೆ ಉತ್ತರ ಬರಬಹುದು ಎಂಬ ಅಂದಾಜು ಅವರಿಗೂ ಇದ್ದಿರಬೇಕು. ಪೆಟ್ಟಿಗೆಯೊಳಗೆ ಎಲ್ಲಿಡಬೇಕು ಎಂದಾಗ ಉಸಿರಣ್ಣ ಬೆರಳು ತೋರಿಸಿದ್ದು ದೀಪದ ಬುಡಕ್ಕೆ. ಬಿಸಿಗೆ ಎಣ್ಣೆ ಬೇಗ ಇಳಿಯುತ್ತದೆ ಎಂದು ಆಮೇಲೆ ಅವರ ಹೆಂಡತಿ ನನಗೆ ಹೇಳಿದರು.

ಆ ಐದು ದಿನ ಅಂಗಡಿಯ ಮುಂದೆ ಆಸ್ಪತ್ರೆಯ ವಾರ್ಡಿನ ಮುಂದೆ ಇರುವಷ್ಟು ಜನ. ಹೇಗಿದೆ ಎಂದು ಕೇಳುವವರು, ನಿನ್ನೆಗಿಂತ ವಾಸಿ ಎನ್ನುವವರು, ಸದ್ದು ಮಾಡಬೇಡಿ ಎನ್ನುವವರು. ಅಧ್ಯಕ್ಷೆಯಮ್ಮ ದಿನಾ ಬಂದು, ಕುರ್ಚಿ ಹಾಕಿಸಿಕೊಂಡು, ಸರದಲ್ಲಿ ತೂಗುಬಿಟ್ಟಿದ್ದ ಕೀಲಿಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಎರಡು ದಿನ ಏನೂ ಆಗಲಿಲ್ಲ. ಅಳಿಯ ಮಹಡಿಯ ಕೋಣೆಯ ಅಳತೆ ತೆಗೆದುಕೊಂಡು ಹೋದ.

ಮೇಲೆ ಉಸಿರಣ್ಣ ಚರ್ಮದ ಜೋಳಿಗೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಖಾಲಿ ಮೇಜಿನ ಮುಂದೆ ಕೂತಿರುತ್ತಿದ್ದರು. ಯಾರೂ ಮೆಟ್ಟಿಲು ಹತ್ತುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲ ನೆಲ ಗುಡಿಸುತ್ತಿದ್ದರು, ಬೀಳಲು ಏನೂ ಇಲ್ಲದಿದ್ದರೂ. ಆಕೆ ಒಂದೇ ಮುತ್ತಿನ ಸರವನ್ನು ಮೂರು ಸಲ ಪೋಣಿಸಿದರು. ಈ ಹಳೆಯ ಕಲ್ಲು ಮೊಂಡು ಮಾಡಿದರೆ ಏನು ಗತಿ ಎಂದು ನಾನು ಕೇಳಿದೆ. ಸೋಪು ಒಳಗೆ ಉಳಿದಿದ್ದರೆ ಎಣ್ಣೆ ಇಳಿಯದೆಯೂ ಇರಬಹುದು ಎಂದರು ಉಸಿರಣ್ಣ. ಅಷ್ಟು ದೂರ ಯೋಚಿಸಿ, ಅಷ್ಟನ್ನೂ ಪಣಕ್ಕಿಟ್ಟಿದ್ದರು ಎಂದು ನನಗೆ ತಿಳಿದದ್ದು ಆಗಲೇ. ಆಕೆ ಪೋಣಿಸಿದ್ದ ಸರವನ್ನು ಮತ್ತೆ ಬಿಚ್ಚಿದರು.

ಮೂರನೇ ದಿನ ಮಧ್ಯಾಹ್ನ, ಮರದ ಹಾಗೆ ಕವಲೊಡೆದಿದ್ದ ದೊಡ್ಡ ಬಿರುಕಿನ ಒಂದು ಕೊಂಬೆ ಕಾಣಲಿಲ್ಲ. ನಾಲ್ಕನೇ ದಿನ ಬೊಡ್ಡೆಯೂ ಮಸುಕಾಯಿತು. ಐದನೇ ದಿನ ಅಧ್ಯಕ್ಷೆಯಮ್ಮ ಬೀಗ ತೆಗೆದು, ಉಂಗುರ ಎತ್ತಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರು. ಪಚ್ಚೆ ಮೊದಲಿನ ಹಾಗೇ, ಯಾವ ಪಾಪವನ್ನೂ ಅರಿಯದ ಹಾಗೆ, ಹೊಳೆಯಿತು.

“ಇದೇ ನನ್ನದು,” ಎಂದರು. ಸುತ್ತ ನಿಂತವರ ಕಡೆಗೆ ತಿರುಗಿ, “ಕೀಳು ಕಲ್ಲಾಗಿದ್ರೆ ಆ ತೊಟ್ಟೀಲಿ ಏನೂ ಆಗ್ತಿರಲಿಲ್ಲ,” ಎಂದರು.

ಧಣಿ ಅಪ್ಪನ ಫೋಟೋ ನೋಡಿದರು. ಅಳಿಯ ಯಂತ್ರಕ್ಕೆ ಬಟ್ಟೆ ಮುಚ್ಚಿದ. ಕಲ್ಲು ಬದಲಾಯಿಸಿದ ಮಾತನ್ನು ಆಡಿದವರು ಯಾರು ಎಂದು ಧಣಿ ಜೋರಾಗಿಯೇ ವಿಚಾರಿಸಿದರು. ಯಾರೂ ಸಿಗಲಿಲ್ಲ. ಸಂಜೆಯೊಳಗೆ, ಒಡವೆ ವಾಪಸ್ ತೆಗೆದುಕೊಂಡಿದ್ದ ನಾಲ್ವರೂ ಮೆಟ್ಟಿಲು ಹತ್ತಿದರು. ಕಲ್ಲು ಎಣಿಸಿಕೊಂಡಿದ್ದವರು ಈ ಸಲ ಎಣಿಸದೆ ಕೊಟ್ಟರು. ಉಸಿರಣ್ಣ “ಹಾ” ಎಂದರು, “ಕೂರಿಸ್ತೀನಿ” ಎಂದರು. ಆಕೆ ಮೂಲೆಯಲ್ಲಿ ಮುಖ ಆ ಕಡೆ ಮಾಡಿಕೊಂಡು ಮೂಗು ಒರೆಸಿಕೊಂಡರು. ಆಮೇಲೆ, “ನಿಮ್ಮ ಬಾಯಿಂದ ಒಂದೇ ದಿನ ಅಷ್ಟು ಮಾತು ಬಂತಲ್ಲ ರೀ, ಮದುವೆಯಾದಾಗಿಂದ ಕೂಡಿಟ್ಟಿದ್ರಾ?” ಎಂದು ಶುರುಮಾಡಿದರು.

ಕಥೆ ಇಲ್ಲಿಗೇ ನಿಂತಿದ್ದರೆ ನಮ್ಮ ಊರು ನಮ್ಮ ಊರೇ ಅಲ್ಲ. ಮುಂದಿನ ವಾರದಿಂದ ಅಂಗಡಿಯ ಮುಂದೆ ಸಾಲು. ಎಲ್ಲರ ಕಲ್ಲೂ ಬಳಲಿತ್ತು. ಮಹಿಳಾ ಮಂಡಳಿಯ ಸಭೆಗಳಲ್ಲಿ, ನಿಮ್ಮದು ಎಷ್ಟು ದಿನಕ್ಕೆ ಬಳಲುತ್ತೆ ಎಂಬುದೇ ಮಾತು. ನನ್ನದಂತೂ ಆರು ತಿಂಗಳಿಗೆ ಎಂದರೆ ಒಂದು ಗೌರವ. ಮೂರು ತಿಂಗಳಿಗೆ ಎಂದರೆ ಮುಂದಿನ ಸಾಲಿನ ಕುರ್ಚಿ. ನನ್ನದು ಇದುವರೆಗೂ ಬಳಲಿಲ್ಲ ಎಂದವರೊಬ್ಬರನ್ನು ಅಧ್ಯಕ್ಷೆಯಮ್ಮ ಕನಿಕರದಿಂದ ನೋಡಿ, ಅವರ ತಟ್ಟೆಗೆ ಇನ್ನೊಂದು ಬಿಸ್ಕತ್ತು ಹಾಕಿದರಂತೆ. ಅಳಿಯ ‘ಇಲ್ಲಿ ರತ್ನಗಳಿಗೆ ವಿಶ್ರಾಂತಿ ನೀಡಲಾಗುವುದು’ ಎಂದು ಬೋರ್ಡು ಹಾಕಿಸಿದ. ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಪುಟ್ಟ ಹಾಸಿಗೆ, ದಿಂಬು, ನಡುವೆ ಸಾಲು ಸೀಸೆ. ಅಸಲಿ ಗಾಜಿನ ಚೂರುಗಳೆಲ್ಲ ಅಲ್ಲಿ ಪ್ರತಿಷ್ಠಿತರಂತೆ ಎಣ್ಣೆಯಲ್ಲಿ ಮಲಗಿದ್ದವು. ಗುಂಯ್ ತೊಟ್ಟಿಯಲ್ಲಿ ಈಗ ಧಣಿಯವರು ತಮ್ಮ ಹಲ್ಲುಸೆಟ್ಟು ತೊಳೆಯುತ್ತಾರೆ. ಚೆನ್ನಾಗಿ ಬೆಳ್ಳಗಾಗಿದೆ.

ಉಸಿರಣ್ಣನವರಿಗೆ ಮಾತ್ರ ಇದು ಹಿಡಿಸಿರಲಿಲ್ಲ. ಒಂದು ಕಲ್ಲಿನ ಬಗ್ಗೆ ಒಂದು ಮಾತಾಡಿದ್ದಕ್ಕೆ ಇಷ್ಟಾಯಿತು, ನಮ್ಮಪ್ಪ ಸುಮ್ಮನೆ ಹೇಳಿರಲಿಲ್ಲ ಎಂದು ಗೊಣಗುತ್ತಿದ್ದರು. ಮಲಗಿಸಲು ಬಂದ ಕಲ್ಲುಗಳನ್ನು ಅವರು ಮುಟ್ಟುತ್ತಿರಲಿಲ್ಲ. ಅದು ಕೆಳಗಿನವರ ಕೆಲಸ ಅಂತ 
ಬೆರಳು ತೋರಿಸುತ್ತಿದ್ದರು.

ಮೊನ್ನೆ ಒಂದು ಮಧ್ಯಾಹ್ನ ನಾನು ಅವರ ಮೇಜಿನ ಪಕ್ಕ ಕೂತಿದ್ದೆ. ಅವರು ಯಾರದೋ ಓಲೆಯ ಕೊಕ್ಕೆ ಬಾಗಿಸುತ್ತಿದ್ದರು. ಮಂಚದ ಕೆಳಗಿನ ಕಟ್ಟುಗಳಿಗೆ ಗೆದ್ದಲು ಹತ್ತಿದೆ ಎಂದು ನನ್ನ ಹೆಂಡತಿ ಬೆಳಿಗ್ಗೆಯಷ್ಟೇ ಹೇಳಿದ್ದಳು. ಗೆದ್ದಲಾದರೂ ನನ್ನನ್ನು ಪೂರ್ತಿ ಓದುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಉಸಿರಿನ ಪರೀಕ್ಷೆ ಈಗ ನನಗೂ ಗೊತ್ತಿತ್ತು. ಸ್ನಾನದ ಮನೆಯಲ್ಲಿ ಗುಟ್ಟಾಗಿ ಮಾಡಿಯೂ ನೋಡಿದ್ದೆ. ಆದರೂ ಮನುಷ್ಯನಿಗೆ ಆಸೆ. ಮೂರು ವರ್ಷದಿಂದ ಒಂದು ಬೆರಳಲ್ಲಿ ಕೂತು, ಒಬ್ಬ ಬರಹಗಾರನ ಎರಡನೇ ಮುದ್ರಣಕ್ಕಾಗಿ ಒಂದೇ ಸಮ ದುಡಿದ ಕಲ್ಲು. ಉಂಗುರ ಬಿಚ್ಚಿ ಅವರ ಮುಂದಿಟ್ಟೆ. ಇದನ್ನೂ ಐದು ದಿನ ಮಲಗಿಸಬೇಕಾ ಎಂದು ಕೇಳಿದೆ.

ಉಸಿರಣ್ಣ ಕಣ್ಣಿನ ಭೂತಗನ್ನಡಿಯನ್ನೂ ತೆಗೆಯಲಿಲ್ಲ, ಕೈಯ ಕೆಲಸವನ್ನೂ ನಿಲ್ಲಿಸಲಿಲ್ಲ. ಉಂಗುರವನ್ನು ಮೇಣದ ಕಡ್ಡಿಯಿಂದ ನನ್ನ ಕಡೆಗೆ ಮೆಲ್ಲಗೆ ತಳ್ಳಿದರು.

“ಬೇಡ ಸ್ವಾಮಿ. ಅದಿನ್ನೂ ಕೆಲಸ ಶುರು ಮಾಡಿಲ್ಲ.”